ಉಳ್ಳಾಗಡ್ಡಿಯ ಬೇರಿನಲ್ಲಿ ಕೋಶ ವಿಭಜನೆಯನ್ನು ಎಣಿಸುವ ಬಗೆ, ಆ ಎಣಿಕೆಯಿಂದ ಕ್ಯಾನ್ಸರ್ ವರದಿಯನ್ನು ಓದುವ ಬಗೆ

ಪಿಯುಸಿಗೆ ಜೀವಶಾಸ್ತ್ರ ಕಲಿಸುವ ನನ್ನಂಥವರ ಬಳಿಗೆ ಎರಡು ಬಗೆಯ ಪ್ರಶ್ನೆಗಳು ಬರುತ್ತವೆ. ಪ್ರಾಯೋಗಿಕ ಪರೀಕ್ಷೆ ಹತ್ತಿರವಾದಾಗ ವಿದ್ಯಾರ್ಥಿಗಳು ಬಂದು, ಉಳ್ಳಾಗಡ್ಡಿಯ ಬೇರಿನ ಸ್ಲೈಡಿನಲ್ಲಿ ಪುಸ್ತಕದ ಚಿತ್ರದಂತೆ ಏನೂ ಕಾಣುವುದಿಲ್ಲ, ಎಲ್ಲ ಕೋಶಗಳೂ ಒಂದೇ ತರಹ ಇವೆ ಎನ್ನುತ್ತಾರೆ. ವರ್ಷದಲ್ಲಿ ಒಂದೆರಡು ಸಲ ಯಾರದೋ ತಂದೆಯೋ ಕಾಕಾನೋ ನಾಲ್ಕು ಮಡಿಕೆಯಾಗಿ ಮಡಚಿದ ಬಯಾಪ್ಸಿ ವರದಿಯನ್ನು ಜೇಬಿನಿಂದ ತೆಗೆದು, “ಸರ, ಇದರಾಗ ಮೈಟೋಟಿಕ್ ಕೌಂಟ್ ಅಂತ ಬರದಾರಲ್ಲ, ಅದು ಏನ್ರೀ?” ಎಂದು ಕೇಳುತ್ತಾರೆ. ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕೆಲಸದಲ್ಲಿದೆ: ಒಡೆಯುತ್ತಿರುವ ಕೋಶಗಳನ್ನು ಗುರುತಿಸಿ ಎಣಿಸುವುದರಲ್ಲಿ. ಬೇರಿನ ತುದಿಯಲ್ಲಿ ಒಂದು ಸಲ ಸ್ವತಃ ಎಣಿಸಿದವರಿಗೆ ವರದಿಯ ಆ ಸಾಲು ಬಹಳ ಮಟ್ಟಿಗೆ ತಾನಾಗಿಯೇ ಅರ್ಥವಾಗುತ್ತದೆ. ಆದ್ದರಿಂದ ಬೇರಿನಿಂದಲೇ ಆರಂಭಿಸೋಣ.

ಬೇರು ಬರಿಸುವುದು

ವಿಜಯಪುರ ಜಿಲ್ಲೆಯಲ್ಲಿ, ಅದರಲ್ಲೂ ಕೊಲ್ಹಾರ, ಬಸವನ ಬಾಗೇವಾಡಿಗಳ ಕಡೆ, ಉಳ್ಳಾಗಡ್ಡಿಗೆ ಬರವಿಲ್ಲ. ಆದರೆ ಹೊಲದಿಂದ ಆಗಷ್ಟೇ ಕಿತ್ತು ತಂದ ಗಡ್ಡೆ ಈ ಕೆಲಸಕ್ಕೆ ಒಳ್ಳೆಯದಲ್ಲ. ಕಿತ್ತ ಮೇಲೆ ಕೆಲವು ವಾರ ಗಡ್ಡೆ ಸುಪ್ತಾವಸ್ಥೆಯಲ್ಲಿರುವುದರಿಂದ ಬೇರು ಬಿಡಲು ತಡಮಾಡುತ್ತದೆ. ಒಂದೆರಡು ತಿಂಗಳು ಗಾಳಿಯಾಡುವಲ್ಲಿ ಇಟ್ಟಿದ್ದ, ಬುಡದ ತಟ್ಟೆಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಉಬ್ಬಿ ಕಾಣುವ, ಚಿಕ್ಕ ಗಾತ್ರದ ಗಡ್ಡೆಗಳನ್ನು ಆರಿಸಿಕೊಳ್ಳಬೇಕು. ಒಣಗಿದ ಹಳೆಯ ಬೇರುಗಳನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆದು ತೆಗೆಯಬೇಕು. ತಟ್ಟೆಗೆ ಗಾಯವಾದರೆ ಅಲ್ಲಿಂದಲೇ ಕೊಳೆತ ಶುರುವಾಗುತ್ತದೆ. ಗಾಜಿನ ಲೋಟದ ತುಂಬ ನೀರು ಹಾಕಿ, ಗಡ್ಡೆಯ ಬುಡ ಮಾತ್ರ ನೀರಿಗೆ ತಾಗುವಂತೆ ಕೂರಿಸಿದರೆ ಎರಡರಿಂದ ನಾಲ್ಕು ದಿನಗಳಲ್ಲಿ ಒಂದೆರಡು ಸೆಂಟಿಮೀಟರ್ ಉದ್ದದ ಬೆಳ್ಳನೆಯ ಬೇರುಗಳು ಇಳಿಯುತ್ತವೆ.

ಉಪ್ಪಿನಂಶ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಬೇರು ಗಿಡ್ಡವಾಗಿ, ತುದಿ ಕಂದಾಗಿ ನಿಲ್ಲುವುದುಂಟು. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿ, ದಿನಕ್ಕೊಮ್ಮೆ ಬದಲಿಸುವುದು ಒಳಿತು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಗಡ್ಡೆ ಬೇರಿಗಿಂತ ಮುಂಚೆ ಕೊಳೆಯುತ್ತದೆ, ಆದ್ದರಿಂದ ಈ ಪ್ರಯೋಗವನ್ನು ನವೆಂಬರಿನಿಂದ ಫೆಬ್ರುವರಿಯ ಒಳಗೆ ಮುಗಿಸಿಕೊಳ್ಳುವುದು ಜಾಣತನ. ಉಳ್ಳಾಗಡ್ಡಿ ಕೈಕೊಟ್ಟರೆ ಬಳ್ಳುಳ್ಳಿಯ ಎಸಳುಗಳನ್ನು ಬಳಸಬಹುದು. ಎರಡರಲ್ಲೂ ಕೋಶಕ್ಕೆ 16 ವರ್ಣತಂತುಗಳೇ (ಜೀನುಗಳನ್ನು ಹೊತ್ತ ಎಳೆಗಳು), ಎರಡರಲ್ಲೂ ಅವು ದಪ್ಪವಾಗಿ, ಕಣ್ಣಿಗೆ ಹಿಡಿಯುವಂತೆ ಇರುತ್ತವೆ. ಮನುಷ್ಯನ 46 ಸಣ್ಣ ವರ್ಣತಂತುಗಳನ್ನು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಹೀಗೆ ಸುಲಭವಾಗಿ ನೋಡಲಾಗದು.

ಕೊಯ್ದ ಕೂಡಲೇ ಸ್ಥಿರೀಕರಿಸುವುದು

ಸ್ಲೈಡಿನಲ್ಲಿ ಏನೂ ಕಾಣುವುದಿಲ್ಲ ಎಂಬ ದೂರಿನ ಮೂಲ ಬಹುತೇಕ ಇಲ್ಲಿಯೇ ಇರುತ್ತದೆ. ಬೇರನ್ನು ಕೊಯ್ದ ಕ್ಷಣದಿಂದ ಕೋಶ ಸಾಯಲು ಆರಂಭಿಸುತ್ತದೆ. ಹೊಸ ವಿಭಜನೆಗಳು ಆರಂಭವಾಗುವುದು ನಿಲ್ಲುತ್ತದೆ, ನಡೆಯುತ್ತಿದ್ದವು ಹೇಗೋ ಮುಗಿದುಹೋಗುತ್ತವೆ, ಉಳಿದವು ಕೆಡುತ್ತವೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಧ್ಯಾಹ್ನದ ಪ್ರಯೋಗಕ್ಕೆಂದು ಬೆಳಿಗ್ಗೆಯೇ ಬೇರುಗಳನ್ನು ಕತ್ತರಿಸಿ, ಬರಿಯ ನೀರಿನಲ್ಲಿ ಹಾಕಿಟ್ಟು, ಮೂವತ್ತು ಮಕ್ಕಳ ಮುಂದೆ ವಿಭಜನೆಯ ನಡುಹಂತವಾದ ಮೆಟಾಫೇಸನ್ನು ಒಂದೇ ಒಂದೂ ತೋರಿಸಲಾಗದೆ ನಿಂತಿದ್ದೆ. ಕೋಶಗಳೆಲ್ಲ ಇದ್ದವು, ವಿಭಜನೆ ಇರಲಿಲ್ಲ.

ಬೆಳಗಿನ 8ರಿಂದ 10ರೊಳಗೆ ಬೇರಿನ ತುದಿಗಳನ್ನು ಕೊಯ್ಯುವುದು ರೂಢಿ. ಕೊಯ್ಯುವ ಮೊದಲೇ, ಕೋಶಗಳನ್ನು ಇದ್ದ ಸ್ಥಿತಿಯಲ್ಲಿಯೇ ಹಿಡಿದಿಡುವ ಸ್ಥಿರೀಕರಣ ದ್ರಾವಣ ಎದುರಿಗೆ ಸಿದ್ಧವಾಗಿರಬೇಕು: ಮೂರು ಪಾಲು ಈಥೈಲ್ ಆಲ್ಕೋಹಾಲಿಗೆ ಒಂದು ಪಾಲು ಗ್ಲೇಸಿಯಲ್ ಅಸೆಟಿಕ್ ಆಮ್ಲ, ಅಂದರೆ 30 ಮಿಲಿಲೀಟರಿಗೆ 10. ಇದನ್ನು ಆಯಾ ದಿನವೇ ಬೆರೆಸಬೇಕು, ಇಟ್ಟಷ್ಟೂ ಎರಡೂ ಸೇರಿ ಎಸ್ಟರ್ ಆಗಿ ಅದರ ಶಕ್ತಿ ಕುಂದುತ್ತದೆ. ಒಂದು ಸೆಂಟಿಮೀಟರ್ ಉದ್ದದ ತುದಿಗಳನ್ನು ಇದರಲ್ಲಿ 24 ಗಂಟೆ ಇಟ್ಟು, ಆಮೇಲೆ ಶೇಕಡಾ 70ರ ಆಲ್ಕೋಹಾಲಿಗೆ ವರ್ಗಾಯಿಸಿ ತಂಪಾದ ಕಡೆ ಇಟ್ಟರೆ ವಾರಗಟ್ಟಲೆ ಕೆಡದೆ ಉಳಿಯುತ್ತವೆ. ಗ್ಲೇಸಿಯಲ್ ಅಸೆಟಿಕ್ ಆಮ್ಲದ ಹಬೆ ಕಣ್ಣು ಮೂಗುಗಳನ್ನು ಸುಡುವುದರಿಂದ ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಆಲ್ಕೋಹಾಲ್ ಸ್ಪಿರಿಟ್ ದೀಪದ ಹತ್ತಿರ ಬರದಿರಲಿ.

ಮುಂದಿನ ಹಂತದಲ್ಲಿ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ನನ್ನು ಸಡಿಲಿಸಬೇಕು. ಒಂದು ನಾರ್ಮಲ್ ಸಾರತೆಯ ಹೈಡ್ರೋಕ್ಲೋರಿಕ್ ಆಮ್ಲವನ್ನು 60 ಡಿಗ್ರಿಗೆ ಕಾಯಿಸಿದ ನೀರಿನ ಪಾತ್ರೆಯಲ್ಲಿ ಬಿಸಿಯಾಗಿಟ್ಟು, ತುದಿಗಳನ್ನು ಅದರಲ್ಲಿ ಐದರಿಂದ ಎಂಟು ನಿಮಿಷ ಬಿಟ್ಟು, ನೀರಿನಿಂದ ತೊಳೆಯಬೇಕು. ಆಮ್ಲವನ್ನು ತೆಳುವಾಗಿಸುವಾಗ ನೀರಿಗೆ ಆಮ್ಲವನ್ನು ಹನಿಹನಿಯಾಗಿ ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಈ ಹಂತ ಕಡಿಮೆಯಾದರೆ ಬೇರು ಒತ್ತಿದರೂ ಹರಡುವುದಿಲ್ಲ, ಹೆಚ್ಚಾದರೆ ಚಿಮಟಿಗೆಯಲ್ಲಿ ಹಿಡಿಯುವಾಗಲೇ ಕರಗಿದಂತೆ ಒಡೆದುಹೋಗುತ್ತದೆ.

ತೊಳೆದ ತುದಿಯನ್ನು ಸ್ಲೈಡಿನ ಮೇಲಿಟ್ಟು, ಕೊನೆಯ ಎರಡು ಮಿಲಿಮೀಟರನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಎಸೆಯಬೇಕು. ಇದರಲ್ಲಿ ಲೋಭ ಬೇಡ. ವಿಭಜನೆ ನಡೆಯುವುದು ಆ ಎರಡು ಮಿಲಿಮೀಟರಿನೊಳಗೆ. ಅದರಾಚೆಗಿನ ಕೋಶಗಳು ಉದ್ದವಾಗಿ ಬೆಳೆಯುತ್ತವೆ, ಒಡೆಯುವುದಿಲ್ಲ. ವರ್ಣತಂತುಗಳಿಗೆ ಹತ್ತುವ ಬಣ್ಣವಾದ ಅಸಿಟೋಕಾರ್ಮೈನನ್ನು ಎರಡು ಹನಿ ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಸ್ಲೈಡನ್ನು ಮೂರು ನಾಲ್ಕು ಸಲ ಆಡಿಸಬೇಕು. ಅಂಗೈಯ ಹಿಂಬದಿಗೆ ತಾಗಿಸಿದರೆ ಬೆಚ್ಚಗಿರಬೇಕು, ಬಣ್ಣ ಕುದಿಯಬಾರದು. ಹಳೆಯ ಪ್ರಯೋಗಾಲಯ ಸಹಾಯಕರು ತುಸು ತುಕ್ಕು ಹಿಡಿದ ಸೂಜಿಯಿಂದ ಬಣ್ಣವನ್ನು ಕದಡುತ್ತಿದ್ದುದು ಉದಾಸೀನದಿಂದಲ್ಲ. ಕಬ್ಬಿಣದ ಲೇಶ ಸೇರಿದರೆ ಕಾರ್ಮೈನ್ ವರ್ಣತಂತುವಿಗೆ ಇನ್ನೂ ಗಟ್ಟಿಯಾಗಿ ಹತ್ತುತ್ತದೆ. ಕೊನೆಗೆ ಕವರ್‌ಸ್ಲಿಪ್ ಮುಚ್ಚಿ, ಪೆನ್ಸಿಲಿನ ಹಿಂತುದಿಯಿಂದ ಹಗುರವಾಗಿ ತಟ್ಟಿ, ಮಡಚಿದ ಬ್ಲಾಟಿಂಗ್ ಕಾಗದದ ನಡುವೆ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಕೆಳಕ್ಕೆ ಒತ್ತಬೇಕು. ಒತ್ತುವಾಗ ಕವರ್‌ಸ್ಲಿಪ್ ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ಕೋಶಗಳು ಸುರುಳಿಯಾಗಿ ಸುತ್ತಿಕೊಂಡು ಕೆಲಸ ಕೆಡುತ್ತದೆ.

ಎಣಿಕೆ

ಮೊದಲು 10ಎಕ್ಸ್ ಮಸೂರದಲ್ಲಿ ಕೋಶಗಳು ಚಿಕ್ಕದಾಗಿ, ಚೌಕಾಕಾರವಾಗಿ, ಕೋಶದ ಬಹುಪಾಲನ್ನು ಕೋಶಕೇಂದ್ರವೇ ತುಂಬಿಕೊಂಡಿರುವ ಜಾಗವನ್ನು ಹುಡುಕಿ, ಆಮೇಲೆ 40ಎಕ್ಸ್‌ಗೆ ಹೋಗಬೇಕು. ಕೋಶಕೇಂದ್ರ ದುಂಡಗೆ, ಅಂಚು ಸ್ಪಷ್ಟವಾಗಿ, ಒಳಗೆ ಒಂದೆರಡು ಕೇಂದ್ರಬಿಂದುಗಳೊಂದಿಗೆ ಕಂಡರೆ ಅದು ಅಂತರಾವಸ್ಥೆ. ಅಂಚು ಮಸುಕಾಗಿ ಒಳಗೆ ನೂಲಿನ ಉಂಡೆಯಂತಹ ಎಳೆಗಳು ಎದ್ದರೆ ಪ್ರೊಫೇಸ್, ಎಳೆಗಳು ಕೋಶದ ನಡುಗೆರೆಯಲ್ಲಿ ಸಾಲಾಗಿ ನಿಂತರೆ ಮೆಟಾಫೇಸ್, ಎರಡು ಗುಂಪಾಗಿ ಎದುರುಬದುರು ತುದಿಗಳಿಗೆ ಸರಿಯುತ್ತಿದ್ದರೆ ಅನಾಫೇಸ್, ತುದಿಗಳಲ್ಲಿ ಮತ್ತೆ ಉಂಡೆಯಾಗಿ ನಡುವೆ ಹೊಸ ಗೋಡೆಯ ಗೆರೆ ಮೂಡುತ್ತಿದ್ದರೆ ಟೆಲೊಫೇಸ್. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1882ರ ಹೊತ್ತಿಗೆ ಸಾಲಮಾಂಡರ್ ಮರಿಗಳ ಕೋಶಗಳಲ್ಲಿ ಇದನ್ನೆಲ್ಲ ನೋಡಿ, ಎಳೆ ಎಂಬ ಅರ್ಥದ ಗ್ರೀಕ್ ಪದದಿಂದ ಮೈಟೋಸಿಸ್ ಎಂದು ಹೆಸರಿಟ್ಟ. ವರ್ಣತಂತುವಿಗೆ ಕ್ರೋಮೋಸೋಮ್ ಎಂಬ ಹೆಸರು ಬಂದದ್ದು 1888ರಲ್ಲಿ.

ಎಣಿಸುವ ಮೊದಲು ನಿಯಮವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಪ್ರೊಫೇಸ್ ಎಲ್ಲಿಂದ ಶುರು ಎಂಬುದರಲ್ಲಿಯೇ ಇಬ್ಬರು ಒಪ್ಪುವುದು ಕಷ್ಟ. ಎಳೆಗಳು ಬಿಡಿಬಿಡಿಯಾಗಿ ಕಂಡರೆ ಮಾತ್ರ ಪ್ರೊಫೇಸ್, ಇಲ್ಲವಾದರೆ ಅಂತರಾವಸ್ಥೆ ಎಂಬುದು ನಾನು ಇಟ್ಟುಕೊಂಡಿರುವ ನಿಯಮ. ಸಂಪೂರ್ಣ ಕಪ್ಪಾಗಿ, ಕುಗ್ಗಿ, ಅಂಚು ನುಣುಪಾಗಿರುವ ಕೋಶಕೇಂದ್ರಗಳು ಸಾಯುತ್ತಿರುವ ಕೋಶಗಳವು, ಅವನ್ನು ವಿಭಜನೆಯೆಂದು ಎಣಿಸಬಾರದು. ಒಂದು ಕ್ಷೇತ್ರದ, ಅಂದರೆ ಮಸೂರದಲ್ಲಿ ಒಮ್ಮೆಗೆ ಕಾಣುವ ಜಾಗದ, ಎಲ್ಲ ಕೋಶಗಳನ್ನೂ ಎಣಿಸಿ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಸರಿಯಬೇಕು. ಚೆಂದದ ಮೆಟಾಫೇಸ್ ಇರುವ ಜಾಗವನ್ನೇ ಹುಡುಕಿ ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಕನಿಷ್ಠ ಐದಾರು ಕ್ಷೇತ್ರಗಳಲ್ಲಿ 500ಕ್ಕೆ ಕಡಿಮೆಯಿಲ್ಲದಂತೆ ಕೋಶಗಳು ಲೆಕ್ಕಕ್ಕೆ ಬರಲಿ, ಮತ್ತು ಅದೇ ಸ್ಲೈಡನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ.

ಲೆಕ್ಕಕ್ಕೆ ಒಂದು ಕಲ್ಪಿತ ಉದಾಹರಣೆ. 600 ಕೋಶಗಳಲ್ಲಿ 546 ಅಂತರಾವಸ್ಥೆ, 30 ಪ್ರೊಫೇಸ್, 9 ಮೆಟಾಫೇಸ್, 6 ಅನಾಫೇಸ್, 9 ಟೆಲೊಫೇಸ್ ಸಿಕ್ಕವು ಎನ್ನೋಣ. ಒಡೆಯುತ್ತಿರುವವು 54, ಅಂದರೆ ಶೇಕಡಾ 9. ಇದೇ ಮೈಟೋಟಿಕ್ ಸೂಚ್ಯಂಕ. ಒಂದು ಕೋಶ ಹುಟ್ಟಿ ಮತ್ತೆ ಎರಡಾಗಲು 20 ಗಂಟೆ ಬೇಕೆಂದು ಹಿಡಿದರೆ, ಅದರ ಶೇಕಡಾ 9, ಅಂದರೆ 108 ನಿಮಿಷ ವಿಭಜನೆಗೆ ಹೋಗುತ್ತದೆ. ಮೆಟಾಫೇಸ್ ಶೇಕಡಾ ಒಂದೂವರೆ ಆದ್ದರಿಂದ 18 ನಿಮಿಷ, ಅನಾಫೇಸ್ 12 ನಿಮಿಷ. ಸಂತೆಯಲ್ಲಿ ಯಾವ ಹೊತ್ತಿಗೆ ಹೋದರೂ ಚಹಾ ಕುಡಿಯುವವರು ನಾಲ್ಕೇ ಜನ ಕಂಡು, ವ್ಯಾಪಾರ ಮಾಡುವವರು ನಲವತ್ತು ಜನ ಕಂಡರೆ, ಜನ ಚಹಾಕ್ಕಿಂತ ವ್ಯಾಪಾರಕ್ಕೆ ಹತ್ತು ಪಟ್ಟು ಹೊತ್ತು ಕೊಡುತ್ತಾರೆಂದು ಊಹಿಸಿದ ಹಾಗೆ ಇದು. ಕೋಶಗಳೆಲ್ಲ ತಮ್ಮ ತಮ್ಮ ಪಾಡಿಗೆ, ಒಂದರ ಹೊತ್ತಿಗೆ ಇನ್ನೊಂದು ಕಾಯದೆ ನಡೆಯುತ್ತವೆ ಎಂಬುದು ಈ ಲೆಕ್ಕದ ಆಧಾರ. ಬೆಳೆಯುವ ಅಂಗಾಂಶದಲ್ಲಿ ಎಳೆಯ ಕೋಶಗಳ ಸಂಖ್ಯೆ ತುಸು ಹೆಚ್ಚಿರುವುದರಿಂದ ಉತ್ತರ ಅಂದಾಜೇ ಹೊರತು ಕರಾರುವಾಕ್ಕಲ್ಲ.

ಇದೇ ಉಳ್ಳಾಗಡ್ಡಿಯ ಬೇರಿನ ಮೇಲೆ ಸ್ವೀಡನ್ನಿನ ಆಲ್ಬರ್ಟ್ ಲೆವಾನ್ 1938ರಲ್ಲಿ ಕೋಲ್ಚಿಸಿನ್ ಎಂಬ ವಿಷದ ಪರಿಣಾಮವನ್ನು ಪರೀಕ್ಷಿಸಿದರು. ವರ್ಣತಂತುಗಳನ್ನು ಎಳೆಯುವ ಕದಿರಿನ ಎಳೆಗಳನ್ನು ಅದು ಕಟ್ಟಲು ಬಿಡುವುದಿಲ್ಲವಾದ್ದರಿಂದ ಕೋಶಗಳು ಮೆಟಾಫೇಸಿನಲ್ಲಿಯೇ ತಡೆದು ನಿಲ್ಲುತ್ತವೆ. ಮುಂದೆ ಅದೇ ಲೆವಾನ್ ಮತ್ತು ಜೋ ಹಿನ್ ಜಿಯೋ ಜೊತೆಯಾಗಿ, ಆ ಉಪಾಯವನ್ನೇ ಮನುಷ್ಯ ಕೋಶಗಳಿಗೆ ಬಳಸಿ, 48 ಎಂದು ದಶಕಗಳ ಕಾಲ ನಂಬಿದ್ದ ವರ್ಣತಂತುಗಳ ಸಂಖ್ಯೆ ನಿಜಕ್ಕೂ 46 ಎಂದು 1956ರಲ್ಲಿ ತೋರಿಸಿಕೊಟ್ಟರು. ಕೋಲ್ಚಿಸಿನ್ ಕಾಲೇಜಿಗೆ ತರುವ ವಸ್ತುವಲ್ಲ. ಹೋಲಿಕೆ ನೋಡಬೇಕೆಂದರೆ ಒಂದು ಲೋಟದಲ್ಲಿ ಬರಿಯ ನೀರು, ಇನ್ನೊಂದರಲ್ಲಿ ತಂಬಾಕಿನ ಎಲೆಯನ್ನು ನೆನೆಸಿ ಸೋಸಿದ ತೆಳು ನೀರು ಇಟ್ಟು, ಬೇರಿನ ಉದ್ದ ಮತ್ತು ಮೈಟೋಟಿಕ್ ಸೂಚ್ಯಂಕ ಎರಡನ್ನೂ ಅಳೆಯಬಹುದು. ನಿಕೋಟಿನ್ ಚರ್ಮದ ಮೂಲಕವೂ ಒಳಹೋಗುವುದರಿಂದ ಕೈಗವಸಿಲ್ಲದೆ ಮುಟ್ಟಬಾರದು. ಬೇರಿನಲ್ಲಿ ಏನೇ ಕಂಡರೂ ಅದು ಬೇರಿನ ವಿಷಯ. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆಂಬುದಕ್ಕೆ ಮನುಷ್ಯರಲ್ಲಿಯೇ ಬೇಕಾದಷ್ಟು ಸಾಕ್ಷ್ಯವಿದೆ, ಉಳ್ಳಾಗಡ್ಡಿಯ ಸಾಕ್ಷಿ ಅದಕ್ಕೆ ಬೇಕಿಲ್ಲ.

ಕಣ್ಣಿಗೆ ಕಾಣದ ನಕಲು

600ರಲ್ಲಿ 546 ಕೋಶಗಳು ಅಂತರಾವಸ್ಥೆಯಲ್ಲಿವೆ ಎಂದ ಕೂಡಲೇ ವಿದ್ಯಾರ್ಥಿಗಳು ಅವನ್ನು ವಿಶ್ರಾಂತಿಯ ಕೋಶಗಳೆಂದು ಬರೆಯುತ್ತಾರೆ. ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಸಲ ಹೊಡೆದುಹಾಕಿದ ಪದ ಇದೇ ಇರಬೇಕು. ಡಿಎನ್‌ಎ ನಕಲಾಗುವುದು ಆ ಅವಧಿಯಲ್ಲಿಯೇ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಕೋಶವೊಂದು 24 ಗಂಟೆಗೆ ಒಮ್ಮೆ ಒಡೆಯುತ್ತಿದ್ದರೆ ಅದರಲ್ಲಿ ಸುಮಾರು 8 ಗಂಟೆ ನಕಲಿಗೆ, ಸುಮಾರು ಒಂದೇ ಗಂಟೆ ಕಣ್ಣಿಗೆ ಕಾಣುವ ವಿಭಜನೆಗೆ ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ತೋರಿಸಲಾಗದ ಈ ಭಾಗವನ್ನು ಕಾಗದದ ಮೇಲೆ ಮಾಡಿಸಬಹುದು.

ಬೋರ್ಡಿನ ಮೇಲೆ ಎ, ಟಿ, ಜಿ, ಸಿ ಎಂಬ ಡಿಎನ್‌ಎಯ ನಾಲ್ಕು ಅಕ್ಷರಗಳಿಂದ 200 ಅಕ್ಷರಗಳ ಸಾಲೊಂದನ್ನು ಯಾವ ಕ್ರಮವೂ ಇಲ್ಲದಂತೆ ಬರೆಯಿರಿ. ಎ ಎದುರಿಗೆ ಟಿ, ಜಿ ಎದುರಿಗೆ ಸಿ ಎಂಬ ನಿಯಮದಂತೆ ಜೋಡಿಸಾಲನ್ನು ಮೂರು ನಿಮಿಷದೊಳಗೆ ಬರೆಯುವಂತೆ ಪ್ರತಿಯೊಬ್ಬರಿಗೂ ಹೇಳಿ, ತಪ್ಪುಗಳನ್ನು ಎಣಿಸಿ. ಎರಡನೆಯ ಸುತ್ತಿನಲ್ಲಿ ಪ್ರತಿ ಅಕ್ಷರ ಬರೆದ ಕೂಡಲೇ ತಿರುಗಿ ನೋಡಿ, ತಪ್ಪಿದ್ದರೆ ಅಳಿಸಿ ಬರೆಯಲು ಅವಕಾಶ ಕೊಡಿ. ಮೂರನೆಯದರಲ್ಲಿ ಬರೆದು ಮುಗಿದ ಹಾಳೆಯನ್ನು ಪಕ್ಕದವರಿಗೆ ಕೊಟ್ಟು, ಮೂಲ ಸಾಲಿನ ಜೊತೆ ಹೋಲಿಸಿ ಕೆಂಪು ಶಾಯಿಯಲ್ಲಿ ತಿದ್ದಲು ಹೇಳಿ. ಮೂರು ಸುತ್ತಿನ ತಪ್ಪುಗಳನ್ನು ಪಕ್ಕಪಕ್ಕ ಬರೆದಾಗ ಕೋಶದೊಳಗಿನ ಮೂರು ಹಂತಗಳೂ ಅರ್ಥವಾಗುತ್ತವೆ. ನಕಲು ಬರೆಯುವ ಡಿಎನ್‌ಎ ಪಾಲಿಮರೇಸ್ ಕಿಣ್ವ ಬರಿಯ ಜೋಡಣೆಯಲ್ಲಿ ಲಕ್ಷಕ್ಕೆ ಒಂದರಂತೆ ತಪ್ಪುತ್ತದೆ. ತಾನೇ ಹಿಂದಿರುಗಿ ನೋಡಿ ತಿದ್ದಿಕೊಳ್ಳುವುದರಿಂದ ಅದು ಕೋಟಿಗೆ ಒಂದಕ್ಕೆ ಇಳಿಯುತ್ತದೆ. ಹಿಂದೆಯೇ ಬರುವ ದುರಸ್ತಿ ಪ್ರೋಟೀನುಗಳು ಹೊಸ ಎಳೆಯನ್ನು ಹಳೆಯದರೊಂದಿಗೆ ಹೋಲಿಸಿ ತಿದ್ದಿದ ಮೇಲೆ ನೂರು ಕೋಟಿಗೆ ಒಂದರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ, ಬರುತ್ತದೆ. ಮನುಷ್ಯನ ಒಂದು ಕೋಶದಲ್ಲಿ ಸುಮಾರು 640 ಕೋಟಿ ಅಕ್ಷರಜೋಡಿಗಳಿರುವುದರಿಂದ ಮೊದಲನೆಯ ಹಂತವಷ್ಟೇ ಇದ್ದಿದ್ದರೆ ಪ್ರತಿ ವಿಭಜನೆಗೆ 64,000 ತಪ್ಪುಗಳು, ಎರಡನೆಯದೂ ಇದ್ದರೆ 640, ಮೂರೂ ಇದ್ದರೆ ಆರರ ಸುತ್ತಮುತ್ತ.

ನಕಲಿನ ಕ್ರಮವನ್ನೂ ಇದೇ ಸಾಲಿನ ಮೇಲೆ ತೋರಿಸಬೇಕು. ಜೋಡಿಯೆಳೆ ಬಿಚ್ಚಿಕೊಂಡು ಪ್ರತಿಯೊಂದು ಹಳೆಯ ಎಳೆಗೂ ಒಂದೊಂದು ಹೊಸ ಎಳೆ ಜೋಡಿಯಾಗುತ್ತದೆ ಎಂಬುದನ್ನು ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಭಾರವಾದ ನೈಟ್ರೋಜನ್ ಬಳಸಿ ತೋರಿಸಿದರು. ಹೊಸ ಎಳೆ ಒಂದೇ ದಿಕ್ಕಿನಲ್ಲಿ ಬೆಳೆಯಬಲ್ಲದು, ಹಳೆಯ ಎಳೆಗಳೋ ಎದುರುಬದುರಾಗಿ ಓಡುತ್ತವೆ. ಹೀಗಾಗಿ ಒಂದು ಕಡೆ ನಕಲು ಸರಾಗವಾಗಿ ಸಾಗಿದರೆ ಇನ್ನೊಂದು ಕಡೆ ತುಂಡುತುಂಡಾಗಿ ಹಿಂದಕ್ಕೆ ಹಿಂದಕ್ಕೆ ಬರೆದು ಜೋಡಿಸಬೇಕಾಗುತ್ತದೆ. ಜಪಾನಿನ ಒಕಾಝಾಕಿ ದಂಪತಿ 1960ರ ದಶಕದಲ್ಲಿ ಕಂಡ ಈ ತುಂಡುಗಳನ್ನು ಲೈಗೇಸ್ ಎಂಬ ಕಿಣ್ವ ಸೇರಿಸುತ್ತದೆ. ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುವುದನ್ನು ನೋಡಿದವರಿಗೆ, ಬೇರೆ ಬೇರೆ ಹೊತ್ತಿನಲ್ಲಿ ಸಿದ್ಧವಾದ ಎರಡು ಭಾಗಗಳು ಒಂದೇ ಬಟ್ಟೆಯಾಗುವ ಈ ಕೆಲಸ ಹೊಸದೆನಿಸಲಾರದು. ನಕಲಿನ ವೇಗ ಮನುಷ್ಯ ಕೋಶದಲ್ಲಿ ಸೆಕೆಂಡಿಗೆ ಸುಮಾರು 50 ಅಕ್ಷರ. ಒಂದನೆಯ ವರ್ಣತಂತುವಿನ ಸುಮಾರು 25 ಕೋಟಿ ಅಕ್ಷರಗಳನ್ನು ಒಂದು ತುದಿಯಿಂದ ಈ ವೇಗದಲ್ಲಿ ಬರೆಯುತ್ತ ಹೋದರೆ ಎರಡು ತಿಂಗಳು ಹಿಡಿಯಬೇಕು. ಎಂಟು ಗಂಟೆಯಲ್ಲಿ ಮುಗಿಯುವುದು ನಕಲು ಸಾವಿರಾರು ಕಡೆ ಏಕಕಾಲಕ್ಕೆ ಆರಂಭವಾಗುವುದರಿಂದ. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು.

ತಪ್ಪು ಉಳಿದಾಗ

ಉಳಿದ ತಪ್ಪುಗಳಲ್ಲಿ ಹೆಚ್ಚಿನವು ಯಾವ ಕೇಡೂ ಮಾಡದ ಜಾಗದಲ್ಲಿ ಬೀಳುತ್ತವೆ. ಕೆಲವು ಮಾತ್ರ ವಿಭಜನೆಯನ್ನು ನಡೆಸುವ ಜೀನುಗಳ ಮೇಲೆ ಬೀಳುತ್ತವೆ, ಮತ್ತು ಅಂಥವು ಒಂದೇ ಕೋಶದ ವಂಶದಲ್ಲಿ ಹಲವು ಸೇರಿದಾಗ ಕ್ಯಾನ್ಸರ್ ಹುಟ್ಟುತ್ತದೆ. ಎತ್ತಿನ ಗಾಡಿಯ ಹೋಲಿಕೆ ಇಲ್ಲಿ ಸಲ್ಲುತ್ತದೆ. ಬಾರುಕೋಲಿನಂತೆ ಕೋಶವನ್ನು ಮುಂದಕ್ಕೆ ಓಡಿಸುವ ಜೀನುಗಳಿವೆ; ಅವುಗಳಲ್ಲಿ ಒಂದು ಪ್ರತಿ ಕೆಟ್ಟು ಸದಾ ಬೀಸುತ್ತಲೇ ಇದ್ದರೂ ಸಾಕು, ಅಪಾಯ. ಹಗ್ಗದಂತೆ ಹಿಡಿದು ನಿಲ್ಲಿಸುವ ಜೀನುಗಳೂ ಇವೆ. ಅವು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೆರಡು ಪ್ರತಿ ಇರುವುದರಿಂದ ಸಾಮಾನ್ಯವಾಗಿ ಎರಡೂ ಹರಿದ ಮೇಲೆಯೇ ಎತ್ತು ಕೈಮೀರುತ್ತದೆ. ಮಕ್ಕಳ ಕಣ್ಣಿನ ರೆಟಿನೋಬ್ಲಾಸ್ಟೋಮಾ ಗಡ್ಡೆಯ ಪ್ರಕರಣಗಳನ್ನು ಲೆಕ್ಕ ಹಾಕಿ ಆಲ್ಫ್ರೆಡ್ ನುಡ್ಸನ್ 1971ರಲ್ಲಿ ಈ ಎರಡು ಪೆಟ್ಟಿನ ವಾದವನ್ನು ಮುಂದಿಟ್ಟರು. ಹಗ್ಗಗಳಲ್ಲೆಲ್ಲ ಮುಖ್ಯವಾದದ್ದು ಪಿ53. ಡಿಎನ್‌ಎಗೆ ಪೆಟ್ಟಾದರೆ ಕೋಶವನ್ನು ತಡೆದು ದುರಸ್ತಿಗೆ ಸಮಯ ಕೊಡುವ, ದುರಸ್ತಿಯಾಗದಿದ್ದರೆ ಕೋಶವನ್ನೇ ಸಾಯಿಸುವ ಈ ಪ್ರೋಟೀನಿನ ಜೀನು ಮನುಷ್ಯನ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೆಟ್ಟಿರುತ್ತದೆ.

ಹೊರಗಿನಿಂದ ಈ ಅಕ್ಷರಗಳನ್ನು ಕೆಡಿಸುವವು ಯಾವುವು ಎಂಬುದಕ್ಕೆ ನಮ್ಮ ಭಾಗದಲ್ಲಿ ದೂರ ಹೋಗಬೇಕಿಲ್ಲ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. ತಂಬಾಕಿನ ಹೊಗೆಯಲ್ಲಿರುವ ಬೆಂಜೋಪೈರೀನ್ ದೇಹದಲ್ಲಿ ಮಾರ್ಪಟ್ಟು ಜಿ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ಮುಂದಿನ ನಕಲಿನಲ್ಲಿ ಆ ಜಾಗದಲ್ಲಿ ಟಿ ಬಂದು ಕೂರುತ್ತದೆ. ಹೊಗೆಯಿಲ್ಲದೆ ಅಗಿಯುವ ತಂಬಾಕಿನಲ್ಲಿ ನೈಟ್ರೋಸಮೀನುಗಳು ಇಂಥದೇ ಕೆಲಸ ಮಾಡುತ್ತವೆ. ತಂಬಾಕಿಲ್ಲದ ಬರಿಯ ಅಡಿಕೆ ನಿರಪಾಯ ಎಂದು ಹೇಳುವವರು ಇಂದಿಗೂ ಸಿಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೂ ಮನುಷ್ಯನಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿನಲ್ಲಿಯೇ ಇರಿಸಿದೆ. ಗರ್ಭಕಂಠದ ಕ್ಯಾನ್ಸರಿನ ದಾರಿ ಬೇರೆ. ಎಚ್‌ಪಿವಿ ವೈರಸ್ಸಿನ 16 ಮತ್ತು 18ನೆಯ ಬಗೆಗಳು ಅಕ್ಷರ ಕೆಡುವವರೆಗೆ ಕಾಯದೆ, ತಮ್ಮದೇ ಎರಡು ಪ್ರೋಟೀನುಗಳಿಂದ ಪಿ53 ಮತ್ತು ಆರ್‌ಬಿ ಎಂಬ ಎರಡೂ ಹಗ್ಗಗಳನ್ನು ಕೈಯಾರೆ ಬಿಚ್ಚುತ್ತವೆ. ಆ ವೈರಸ್ಸಿಗೆ ಲಸಿಕೆ ಇದೆ, ಸೋಂಕು ತಗಲುವ ವಯಸ್ಸಿಗೆ ಮೊದಲೇ ಹಾಕಿಸಿದರೆ ಅದರ ಫಲ ಹೆಚ್ಚು.

ಕ್ಯಾನ್ಸರ್ ಕೋಶ ದೇಹದ ಎಲ್ಲ ಕೋಶಗಳಿಗಿಂತ ವೇಗವಾಗಿ ಒಡೆಯುತ್ತದೆ ಎಂಬ ತಿಳಿವಳಿಕೆಯನ್ನೂ ಇಲ್ಲಿಯೇ ತಿದ್ದಿಕೊಳ್ಳಬೇಕು. ಕರುಳಿನ ಒಳಪದರ, ಮೂಳೆಯ ಮಜ್ಜೆ, ಕೂದಲಿನ ಬುಡದ ಕೋಶಗಳು ಅನೇಕ ಗಡ್ಡೆಗಳಿಗಿಂತ ಚುರುಕಾಗಿ ಒಡೆಯುತ್ತವೆ. ಒಡೆಯುವ ಕೋಶಗಳಿಗೆ ಪೆಟ್ಟು ಕೊಡುವ ಕಿಮೊಥೆರಪಿಯಿಂದ ಕೂದಲು ಉದುರುವುದೂ ರಕ್ತಕಣ ಇಳಿಯುವುದೂ ಅದಕ್ಕಾಗಿಯೇ. ಕ್ಯಾನ್ಸರ್ ಕೋಶದ ಕೇಡು ವೇಗಕ್ಕಿಂತ ಹೆಚ್ಚಾಗಿ, ನಿಲ್ಲಬೇಕಾದಲ್ಲಿ ನಿಲ್ಲದಿರುವುದರಲ್ಲಿದೆ. ಒಂದು ಕೋಶ 30 ಸಲ ಇಮ್ಮಡಿಯಾದರೆ ನೂರು ಕೋಟಿ ಮೀರುತ್ತದೆ, ಅದು ಸರಿಸುಮಾರು ಒಂದು ಘನ ಸೆಂಟಿಮೀಟರಿನ ಗಡ್ಡೆ. ಕೈಗೆ ಹತ್ತುವ ಹೊತ್ತಿಗೆ ಅದರ ಇತಿಹಾಸದ ಬಹುಭಾಗ ಮುಗಿದಿರುತ್ತದೆ. ಅಂಗಳದ ಕಾಶಿ ಕಣಗಿಲೆಯಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಕೂಡ ಕೋಲ್ಚಿಸಿನ್ನಿನಂತೆ ಕದಿರನ್ನು ಕಟ್ಟಲು ಬಿಡದೆ ಕೆಲಸ ಮಾಡುವ ಔಷಧ, ಆದರೆ ಅಳತೆ ತಪ್ಪಿದರೆ ಅದೂ ವಿಷವೇ ಆದ್ದರಿಂದ ಎಲೆಯ ಕಷಾಯ ಮಾಡಿ ಕುಡಿಸುವವರ ಮಾತಿಗೆ ಕಿವಿಗೊಡಬಾರದು.

ವರದಿಯನ್ನು ಓದುವಾಗ

ಈಗ ಆ ಮಡಚಿದ ಕಾಗದಕ್ಕೆ ಬರೋಣ. ಕ್ಯಾನ್ಸರ್ ಅಂಗಾಂಶದಲ್ಲಿ ವಿಭಜನೆಗಳು ಓರೆಯಾಗಿ, ಎರಡರ ಬದಲು ಮೂರು ಧ್ರುವಗಳಾಗಿ ಸೊಟ್ಟಗೆ ನಡೆಯುತ್ತವೆ ಎಂಬುದನ್ನು ಡೇವಿಡ್ ಹನ್ಸೆಮನ್ 1890ರಲ್ಲಿಯೇ ಬರೆದಿದ್ದರು. ಇಂದಿಗೂ ರೋಗಶಾಸ್ತ್ರಜ್ಞರು ಮಾಡುವುದು ನೀವು ಬೇರಿನಲ್ಲಿ ಮಾಡಿದ ಕೆಲಸವನ್ನೇ: ಒಡೆಯುತ್ತಿರುವ ಕೋಶಗಳನ್ನು 40ಎಕ್ಸ್ ಮಸೂರದಲ್ಲಿ, ಹೆಚ್ಚಾಗಿ 10 ಕ್ಷೇತ್ರಗಳಲ್ಲಿ, ಎಣಿಸುತ್ತಾರೆ. ನಾವು ಒಟ್ಟು ಕೋಶಗಳಿಗೆ ಶೇಕಡಾವಾರು ತೆಗೆದೆವು, ಅವರು ಇಷ್ಟು ಜಾಗಕ್ಕೆ ಇಷ್ಟು ಎಂದು ಬರೆಯುತ್ತಾರೆ. ನಾವು ಎಲ್ಲ ಕ್ಷೇತ್ರಗಳನ್ನೂ ಸಮನಾಗಿ ನೋಡಿದರೆ ಅವರು ವಿಭಜನೆ ಅತಿ ಹೆಚ್ಚಿರುವ ಭಾಗವನ್ನು ಬೇಕೆಂದೇ ಆರಿಸುತ್ತಾರೆ, ಏಕೆಂದರೆ ಗಡ್ಡೆಯ ಅತ್ಯಂತ ಕೆಟ್ಟ ಭಾಗ ಎಷ್ಟು ಕೆಟ್ಟದ್ದೆಂದು ಅವರಿಗೆ ತಿಳಿಯಬೇಕು. ಸೂಕ್ಷ್ಮದರ್ಶಕದಿಂದ ಸೂಕ್ಷ್ಮದರ್ಶಕಕ್ಕೆ ಕ್ಷೇತ್ರದ ವಿಸ್ತಾರ ಬದಲಾಗುವುದರಿಂದ ಈಚೆಗೆ ಚದರ ಮಿಲಿಮೀಟರಿಗೆ ಇಷ್ಟು ಎಂದು ಬರೆಯುವುದು ಹೆಚ್ಚುತ್ತಿದೆ. ಎರಡು ಪ್ರಯೋಗಾಲಯಗಳ ಸಂಖ್ಯೆಗಳನ್ನು ಹೋಲಿಸುವ ಮೊದಲು ಅಳತೆಯ ಮಾನ ಒಂದೇ ಇದೆಯೇ ಎಂದು ನೋಡಿಕೊಳ್ಳಬೇಕು.

ಈ ಎಣಿಕೆ ಒಂಟಿಯಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಸ್ತನ ಕ್ಯಾನ್ಸರಿನ ನಾಟಿಂಗ್‌ಹ್ಯಾಮ್ ಪದ್ಧತಿಯಲ್ಲಿ ಕೋಶಗಳು ಕೊಳವೆಯಂತೆ ಜೋಡಿಕೊಂಡಿರುವ ಪ್ರಮಾಣ, ಕೋಶಕೇಂದ್ರದ ರೂಪ, ವಿಭಜನೆಯ ಎಣಿಕೆ ಈ ಮೂರಕ್ಕೂ ಒಂದರಿಂದ ಮೂರರವರೆಗೆ ಅಂಕ ಕೊಟ್ಟು ಕೂಡಿಸುತ್ತಾರೆ. ಮೊತ್ತ 3ರಿಂದ 5 ಆದರೆ ಮೊದಲನೆಯ ಗ್ರೇಡ್, 6 ಅಥವಾ 7 ಆದರೆ ಎರಡನೆಯದು, 8 ಅಥವಾ 9 ಆದರೆ ಮೂರನೆಯದು. ಮನೆಯವರು ಅತಿ ಹೆಚ್ಚು ಗಾಬರಿಯಾಗುವುದು ಇಲ್ಲಿ, ಗ್ರೇಡ್ ಮೂರು ಎಂಬುದನ್ನು ಸ್ಟೇಜ್ ಮೂರು ಎಂದು ಓದಿಕೊಂಡು. ಗ್ರೇಡ್ ಎಂದರೆ ಕೋಶಗಳ ಸ್ವಭಾವ, ಸ್ಟೇಜ್ ಎಂದರೆ ರೋಗ ದೇಹದಲ್ಲಿ ಎಲ್ಲಿಯವರೆಗೆ ಹರಡಿದೆ ಎಂಬುದು. ಗ್ರೇಡ್ ಮೂರರ ಗಡ್ಡೆ ಸ್ಟೇಜ್ ಒಂದರಲ್ಲಿಯೇ ಸಿಕ್ಕಿರಬಹುದು.

ಕೆಐ-67 ಎಂಬ ಇನ್ನೊಂದು ಸಾಲು ಕೆಲವು ವರದಿಗಳಲ್ಲಿ ಶೇಕಡಾವಾರಿನೊಂದಿಗೆ ಇರುತ್ತದೆ. ಜರ್ಮನಿಯ ಕೀಲ್ ನಗರದಲ್ಲಿ ಕಂಡುಹಿಡಿದದ್ದರಿಂದ ಆ ಹೆಸರು. ವಿಭಜನೆಯ ಚಕ್ರದಲ್ಲಿ ಎಲ್ಲಿಯೇ ಇರಲಿ, ಚಕ್ರದೊಳಗೆ ಇರುವ ಕೋಶದಲ್ಲಿ ಈ ಪ್ರೋಟೀನ್ ಇರುತ್ತದೆ, ಚಕ್ರದಿಂದ ಹೊರಬಿದ್ದು ಸುಮ್ಮನಿರುವ ಕೋಶದಲ್ಲಿ ಇರುವುದಿಲ್ಲ. ಬೇರಿನಲ್ಲಿ ನಾವು ಅಂತರಾವಸ್ಥೆ ಎಂದು ಬಿಟ್ಟ 546 ಕೋಶಗಳಲ್ಲಿ ನಕಲಿನ ತಯಾರಿಯಲ್ಲಿರುವವು ಎಷ್ಟು, ನಿಜವಾಗಿ ಸುಮ್ಮನಿರುವವು ಎಷ್ಟು ಎಂದು ಬಣ್ಣ ಹಚ್ಚಿ ಬೇರೆಮಾಡಿದಂತೆ ಅದು. ಆದ್ದರಿಂದಲೇ ಕೆಐ-67ರ ಶೇಕಡಾವಾರು ವಿಭಜನೆಯ ಎಣಿಕೆಗಿಂತ ಸಾಮಾನ್ಯವಾಗಿ ದೊಡ್ಡದಾಗಿ ಕಾಣುತ್ತದೆ. 30 ಎಂದು ಬರೆದಿದ್ದರೆ ದೇಹದ ಶೇಕಡಾ 30 ಭಾಗಕ್ಕೆ ರೋಗ ಹರಡಿದೆ ಎಂದು ಅರ್ಥವಲ್ಲ. ಯಾವ ಅಂಗದ ಗಡ್ಡೆಯಲ್ಲಿ ಎಷ್ಟಿದ್ದರೆ ಹೆಚ್ಚು, ಎಷ್ಟಿದ್ದರೆ ಕಡಿಮೆ ಎಂಬುದು ಬೇರೆ ಬೇರೆಯಾಗಿರುವುದರಿಂದ ಆ ಸಂಖ್ಯೆಯ ತೂಕವನ್ನು ಚಿಕಿತ್ಸೆ ಕೊಡುವ ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಬೇರಿನ ಪ್ರಯೋಗ ಕಲಿಸಿದ ಎಚ್ಚರವೊಂದು ಇಲ್ಲಿಯೂ ನೇರವಾಗಿ ಅನ್ವಯಿಸುತ್ತದೆ. ದೇಹದಿಂದ ತೆಗೆದ ತುಣುಕು ಕೂಡಲೇ ಆಸ್ಪತ್ರೆಯ ಸ್ಥಿರೀಕರಣ ದ್ರಾವಣವಾದ ಫಾರ್ಮಲಿನ್ನಿಗೆ ಬೀಳದೆ ಗಂಟೆಗಟ್ಟಲೆ ಹಾಗೆಯೇ ಉಳಿದರೆ ವಿಭಜನೆಯ ರೂಪಗಳು ಕೆಟ್ಟು ಎಣಿಕೆ ಕಡಿಮೆಯಾಗುತ್ತದೆ, ಇತರ ಪರೀಕ್ಷೆಗಳ ಫಲವೂ ಕೆಡಬಹುದು. ಸಣ್ಣ ಊರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ತುಣುಕನ್ನು ಮನೆಯವರ ಕೈಯಲ್ಲಿಯೇ ವಿಜಯಪುರಕ್ಕೋ ಬಾಗಲಕೋಟೆಗೋ ಬೆಳಗಾವಿಗೋ ಕಳಿಸುವ ಪ್ರಸಂಗ ಬಂದರೆ, ಡಬ್ಬಿಯಲ್ಲಿರುವುದು ಫಾರ್ಮಲಿನ್ ಹೌದೇ, ತುಣುಕು ಅದರಲ್ಲಿ ಪೂರ್ತಿ ಮುಳುಗಿದೆಯೇ, ಡಬ್ಬಿಯ ಮೇಲೆ ಹೆಸರು ಮತ್ತು ತೆಗೆದ ಹೊತ್ತು ಬರೆದಿದೆಯೇ ಎಂದು ಅಲ್ಲಿಯೇ ಕೇಳಿಕೊಳ್ಳಬೇಕು. ಬರಿಯ ಸಲೈನಿನಲ್ಲಿ ಹಾಕಿ ಕಳಿಸಿದ ತುಣುಕು, ನಾನು ಬೆಳಿಗ್ಗೆ ಕೊಯ್ದು ನೀರಿನಲ್ಲಿಟ್ಟ ಬೇರಿನಂತೆಯೇ.

ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ವರದಿಯ ಕಾಗದವೊಂದೇ ಸಾಲದು. ಮೇಣದಲ್ಲಿ ಕೂರಿಸಿದ ಅಂಗಾಂಶದ ಬ್ಲಾಕನ್ನೂ ಸ್ಲೈಡುಗಳನ್ನೂ ಮೊದಲ ಪ್ರಯೋಗಾಲಯದಿಂದ ಅರ್ಜಿ ಕೊಟ್ಟು ಪಡೆಯಬೇಕು. ಸ್ಲೈಡನ್ನು ಗಟ್ಟಿಯಾದ ಪೆಟ್ಟಿಗೆಯಲ್ಲಿ ಒಂದಕ್ಕೊಂದು ತಾಗದಂತೆ ಇಡಬೇಕು. ಬ್ಲಾಕನ್ನು ಮಾತ್ರ ಬಿಸಿಲಿಗೆ ಒಡ್ಡಬಾರದು: ಮೇ ತಿಂಗಳಲ್ಲಿ ಮುಚ್ಚಿದ ಕಾರಿನ ಮುಂಗಾಜಿನ ಬಳಿಯೋ ಬಸ್ಸಿನ ಎಂಜಿನ್ ಪಕ್ಕದ ಸೀಟಿನಡಿಯೋ ಇಟ್ಟರೆ ಮೇಣ ಮೆತ್ತಗಾಗಿ ಒಳಗಿನ ಚೂರು ಜಾಗ ಬಿಡುತ್ತದೆ. ಬಟ್ಟೆಯಲ್ಲಿ ಸುತ್ತಿ, ಕೈಚೀಲದ ನಡುವೆ, ನೆರಳಿನಲ್ಲಿ ಒಯ್ದರೆ ಸಾಕು.